ಬೆಡ್‌ರೂಮಿನ ಅಲಮಾರಿ ಅರ್ಧಕ್ಕ ಬಿಟ್ಟು ಮಿಸ್ತ್ರಿ ಹೋಗ್ಯಾನ: ಇನ್ನೊಬ್ಬರಿಗೆ ಕೊಡ್ಲೋ, ಕಿತ್ತಿ ಹೊಸಾದು ಮಾಡಿಸ್ಲೋ? (ಕಲಬುರಗಿ)

ಹೊಸಮನಿ_ಹಳೇಸಾಲ
ಎಲ್ಲರಿಗೂ ಶರಣು. ಸೇಡಂ ರೋಡ್ ಕಡಿ ಲೇಔಟ್‌ದಾಗ ಮನಿ ಕಟ್ಟಿ ಒಂದೂವರಿ ವರ್ಷ ಆಯ್ತು. ಬೆಡ್‌ರೂಮಿನ ಅಲಮಾರಿ ಒಂದು ಉಳದಿತ್ತು. 7 ಫೂಟು ಅಗಲ, ಸಜ್ಜಾ ತನಕ 7 ಫೂಟು ಎತ್ತರ, 2 ಫೂಟು ಆಳ. ಗುರುತಿನವರು ಹೇಳಿದ ಮಿಸ್ತ್ರಿಗೆ ಲೇಬರ್ ಮ್ಯಾಲ ಕೊಟ್ಟೆ. ಮಾಲು ನಮ್ಮದು, ಮುಂದಿನ ಅಳತಿ ಹಿಡದು ಚದರ ಫೂಟಿಗೆ 450 ಅಂತ ಮಾತಾಯ್ತು. 15 ಸಾವಿರ ಅಡ್ವಾನ್ಸ್ ಕೊಟ್ಟೀನಿ. ಅಂವ ಡಬ್ಬಿ (ಬಾಗಿಲಿಲ್ಲದ ಅಲಮಾರಿ ಪೆಟ್ಟಿಗಿ) ನಿಲ್ಸಿದ, ನಾಕು ಬಾಗಿಲದಾಗ ಎರಡು ಹಚ್ಚಿದ, "ಶರಣಬಸಪ್ಪನ ಜಾತ್ರಿ ಮುಗಿಸಿ ಬರ್ತೀನ್ರಿ" ಅಂತ ಹೋದಾಂವ, ಇವತ್ತಿಗೆ 24 ದಿನ. ಫೋನ್ ಹಚ್ಚಿದ್ರ ರಿಂಗ್ ಆಗ್ತದ, ಎತ್ತಂಗಿಲ್ಲ.

ಹಚ್ಚಿದ ಎರಡ್ರಾಗ ಒಂದು ಬಾಗಿಲ ಬರೋಬ್ಬರಿ ಕೂಡಂಗಿಲ್ಲ. ಕೆಳಗ ಹತ್ತತದ, ಮ್ಯಾಲಿನ ಮೂಲಿ ಅರ್ಧ ಇಂಚು ಹೊರಗ ನಿಂದರ್ತದ. ಇನ್ನಿಬ್ಬರು ಮಿಸ್ತ್ರಿಗಳನ್ನ ಕರಸಿ ತೋರ್ಸಿದೆ. ಇಬ್ಬರೂ "ಬ್ಯಾರೇದವರು ಕೈ ಹಚ್ಚಿದ ಕೆಲಸ ನಾವು ಮುಟ್ಟಂಗಿಲ್ರಿ" ಅಂದ್ರು. ಒಬ್ಬ ಗುತ್ತೇದಾರ ಎಲ್ಲಾ ಕಿತ್ತಿ ಹೊಸದಾಗಿ ಮಾಲು ಸಮೇತ ಫೂಟಿಗೆ 1,450, ಅಂದ್ರ 71,050 ಹೇಳ್ಯಾನ. ಹೈದರಾಬಾದಿನ ಒಂದು ಶೋರೂಮಿನವರು ಫ್ಯಾಕ್ಟರ್ಯಾಗ ಮಾಡಿ ತಂದು ಒಂದೇ ದಿನದಾಗ ಕೂಡಿಸ್ತೀವಿ, 96 ಸಾವಿರ ಅಂದಾರ.

ಏನ್ ಮಾಡ್ಲಿ ಹೇಳ್ರಿ. ಬಾಗಿಲಿಲ್ಲದ ಖಾನ್ಯಾಗ ನಮ್ಮವ್ವ ಸಂಡಿಗಿ ಡಬ್ಬಿ ಇಡ್ಲಿಕ್ಕೆ ಶುರು ಮಾಡ್ಯಾಳ.

ಬಿಸಿಲೂರ_ಹುಡುಗ
24 ದಿನ ಏನ್ ದೊಡ್ಡ ಮಾತಣ್ಣಾ. ನಮ್ಮ ಮನಿ ಶೋಕೇಸ್ ಮಾಡಾಂವ ಎಳ್ಳ ಅಮಾಸಿಗಿ ಹೊಲಕ್ಕ ಹೋದಾಂವ ಯುಗಾದಿ ಮುಂದ ಬಂದ. ಬಂದು ಕೂತು ಮೊದಲ ಕೇಳಿದ್ದು, "ಚಾ ಆಗ್ಯಾದೇನ್ರಿ?"

ಜೇವರ್ಗಿ_ರೋಡ್
ಹೈದರಾಬಾದಿನ ಮಾಲು ಬ್ಯಾಡ್ರಿ, ಕೈ ಮುಗದು ಹೇಳ್ತೀನಿ. ನಾವು ಅಡಗಿ ಮನಿದು ಅಲ್ಲಿಂದ ತರ್ಸಿದ್ವಿ, ಹೆಸರು ಹೇಳಂಗಿಲ್ಲ. ಕೂಡಿಸೋ ದಿನ ಆರು ಮಂದಿ ಬಂದು ಸಂಜಿ ತನಕ ಜಕ್ಕಾಸ್ ಮಾಡಿ ಹೋದ್ರು. ಎಂಟು ತಿಂಗಳಿಗೆ ಒಂದು ಡ್ರಾವರಿನ ಚಾನೆಲ್ (ಡ್ರಾವರ್ ಒಳಗ ಹೊರಗ ಸರಿಯೋ ಪಟ್ಟಿ) ಜೋತು ಬಿತ್ತು. ಫೋನ್ ಹಚ್ಚಿದ್ರ "ನಿಮ್ಮ ರೂಟಿನಾಗ ಇನ್ನೊಂದು ಕೆಲಸ ಬಂದ್ರ ಬರ್ತೀವಿ" ಅಂದ್ರು. ಹತ್ತು ವರ್ಷದ ವಾರಂಟಿ ಕಾಗದದ ಮ್ಯಾಲ ಅದ, ಕಾಗದ ಅದೇ ಡ್ರಾವರ್‌ದಾಗ ಅದ, ಡ್ರಾವರ್ ತಗಿಲಿಕ್ಕೆ ಬರಂಗಿಲ್ಲ.

ಬೀದರ್_ಕೋಟಿ
ಎಲ್ಲಾ ಫ್ಯಾಕ್ಟರಿ ಮಾಲು ಒಂದೇ ತಕ್ಕಡ್ಯಾಗ ತೂಗಬ್ಯಾಡ್ರಿ ಅಣ್ಣಾರ. ನಮ್ಮಲ್ಲಿ ನಾಕು ವರ್ಷ ಆಯ್ತು, ಒಂದು ಅಂಚು ಬಿಚ್ಚಿಲ್ಲ. ಮಷಿನ್‌ದಾಗ ಬಿಸಿ ಗಮ್ಮು ಹಾಕಿ ಪಟ್ಟಿ ಒತ್ತಿರ್ತಾರ. ಮಿಸ್ತ್ರಿ ಕೈಲೆ ಹಚ್ಚಿದ ಅಂಚಿನ ಪಟ್ಟಿ ನಮ್ಮ ಕಡಿ ಮೇ ತಿಂಗಳ ಬಿಸಲಿಗಿ ಹಪ್ಪಳ ಎದ್ದಂಗ ಏಳ್ತದ. ಫರಕ್ ಅಲ್ಲೇ ಅದ.

ಜೇವರ್ಗಿ_ರೋಡ್
ಅಂಚು ಏಳಲಿಲ್ಲ ನಂದೂ. ಚಾನೆಲ್ ಬಿತ್ತು ಅಂದೆ. ಓದಿ ಬರೀರಿ.

ಶಾಬಾದಿ_ಪರಸಿ
ಬ್ರಹ್ಮಪುರದ ನಮ್ಮ ಹಳೇ ಮನ್ಯಾಗ ಗ್ವಾಡಿ ಎರಡು ಫೂಟು ದಪ್ಪ. ಗ್ವಾಡ್ಯಾಗೇ ಗೂಡು, ಗೂಡಿನಾಗ ಶಾಬಾದಿ ಪರಸಿ ಹಲಗಿ, ಮುಂದ ಬೇವಿನ ಕಟ್ಟಿಗಿ ಎರಡು ಫಳಿ. ಮುತ್ತ್ಯಾನ ಕಾಲದ್ದು. ಒರಲಿ ಹತ್ತಿಲ್ಲ, ಚಾನೆಲ್ ಬಿದ್ದಿಲ್ಲ, ಮಿಸ್ತ್ರಿ ಓಡಿ ಹೋಗಿಲ್ಲ.

ಸೇಡಂ_ಅಕ್ಕ
ಕಾಕಾ, ಆ ಪರಸಿ ಗೂಡಿನಾಗ ಹ್ಯಾಂಗರ್ ಎಲ್ಲಿ ಹಾಕ್ತೀರಿ? ನಿಮ್ಮ ಮನಿ ಹೆಣ್ಮಕ್ಕಳನ್ನ ಕೇಳಿ ಬಂದು ಬರೀರಿ.

ಶಾಬಾದಿ_ಪರಸಿ
ಕೇಳ್ದೆ. "ಸುಮ್ನ ಕೂಡ್ರಿ" ಅಂದ್ಳು.

ಮೈಸೂರಿಂದ_ಬಂದವ
ಕೆಲಸದ ಮೇಲೆ ಇಲ್ಲಿಗೆ ಬಂದು ಎರಡು ವರ್ಷ. ಒಂದು ಸಣ್ಣ ಅನುಮಾನ. ನೀವು ಅಲಮಾರಿ ಅನ್ನೋದು ಮರದ್ದಕ್ಕಾ, ಕಬ್ಬಿಣದ್ದಕ್ಕಾ? ನಮ್ಮ ಕಡೆ ಕಬ್ಬಿಣದ್ದು ಬೀರು. ಇಲ್ಲಿ ಅಂಗಡಿಗೆ ಹೋಗಿ ಬೀರು ಬೇಕು ಅಂದೆ, ಅಂಗಡಿಯವರು "ಆ ಅಂಗಡಿ ಸರ್ಕಲ್‌ನಾಗ ಅದ ನೋಡ್ರಿ" ಅಂತ ಬಾರಿನ ದಾರಿ ತೋರಿಸಿದರು.

ಬಿಸಿಲೂರ_ಹುಡುಗ
😂😂 ಸರ್ ನೀವು ಹೋದ್ರೋ ಇಲ್ಲೋ ಅದನ್ನ ಹೇಳ್ರಿ ಮೊದಲ

ಯಾದಗಿರಿ_ಮೇಷ್ಟ್ರು
ಕಟ್ಟಿಗಿದು ಕಪಾಟ, ಕಬ್ಬಿಣದ್ದು ತಿಜೋರಿ, ಎರಡಕ್ಕೂ ಸೇರಿ ಅಲಮಾರಿ ಅಂತಾರ ನಮ್ಮ ಕಡಿ. ಅಲಮಾರಿ ಪೋರ್ಚುಗೀಸರ ಮಾತು, ಉರ್ದು ಹಾದು ನಮ್ಮ ಮನಿಗಿ ಬಂದದ. ಕಪಾಟ ಅಂದ್ರ ಸಂಸ್ಕೃತದಾಗ ಬಾಗಿಲು. ಅಂದ್ರ ಇವರ ಮನ್ಯಾಗ ಸದ್ಯಕ್ಕ ಇರೋದು ಅರ್ಧ ಕಪಾಟ, ಪೂರಾ ಅಲಮಾರಿ.

ಹೊಸಮನಿ_ಹಳೇಸಾಲ
ಮೇಷ್ಟ್ರೇ, ಗಾಯದ ಮ್ಯಾಲ ಉಪ್ಪು ಸವರಬ್ಯಾಡ್ರಿ.

ಸುಪರ್‌ಮಾರ್ಕೆಟ್_ಲೆಕ್ಕ
ಮಾಲಿನ ಲೆಕ್ಕ ಮಾಡಿದ್ರೇನು ಯಾರರ? 18 ಎಂಎಂ ಪ್ಲೈ 8×4 ಶೀಟ್ ಅಂದ್ರ 32 ಚದರ ಫೂಟು. ಎರಡು ಬಾಜೂ ಹಲಗಿ 28, ನಡುವಿನ ನಿಲುವು 14, ಮ್ಯಾಲ ಕೆಳಗ ಸೇರಿ 28, ಆರು ಅಡ್ಡ ಹಲಗಿ 42, ಬಾಗಿಲು 49. ಕೂಡಿಸಿದ್ರ 161. ಕತ್ತರಿಸಿದ ತುಂಡು ವೇಸ್ಟ್ ಹಿಡದ್ರ 6 ಶೀಟ್. ಹಿಂದ ಹಚ್ಚಲಿಕ್ಕೆ 6 ಎಂಎಂದು 2 ಶೀಟ್. ನಿಮ್ಮ ಬಿಲ್‌ದಾಗ ಎಷ್ಟವ?

ಹೊಸಮನಿ_ಹಳೇಸಾಲ
18 ಎಂಎಂದು 9 ಅದ 😳

ಬಿಸಿಲೂರ_ಹುಡುಗ
ಸಿಕ್ಕಿಬಿತ್ತು! ಮೂರು ಶೀಟ್ ಇನ್ನೊಂದು ಮನ್ಯಾಗ ಅಲಮಾರಿ ಆಗಿ ನಿಂತಿರ್ತದ.

ಸುಪರ್‌ಮಾರ್ಕೆಟ್_ಲೆಕ್ಕ
ಲಗೂನ ಕಳ್ಳ ಅನ್ನಬ್ಯಾಡ್ರಿ. ಉಳದ ಎರಡು ಬಾಗಿಲ ಇನ್ನಾ ಕತ್ತರಿಸಿಲ್ಲ ಅಲ್ಲ? 21 ಇಂಚಿನವು ಎರಡು ಸೇರಿ 42 ಇಂಚು, 48 ಇಂಚಿನ ಶೀಟ್‌ದಾಗ ಒಂದ್ರಾಗೇ ಎರಡೂ ಕೂಡ್ತಾವ. ಹಂಗಾದ್ರ ಹತ್ತಿದ್ದು 5, ಉಳೀಬೇಕಾದ್ದು 4. ಎದ್ದು ಹೋಗಿ ಎಣಿಸಿ ಬರ್ರಿ.

ಹೊಸಮನಿ_ಹಳೇಸಾಲ
ಗೇಟಿನ ಹಿಂದ ಮೂರು ಪೂರಾ ಶೀಟ್ ಅವ. ಒಂದರ ಮ್ಯಾಲ ನಮ್ಮವ್ವ ಶಾವಿಗಿ ಒಣಗ ಹಾಕ್ಯಾಳ.

ಮಿಸ್ತ್ರಿ_ಮಗ
ನಾನು ಸುಮ್ನ ಓದ್ಲಕತ್ತಿದ್ದೆ, ಈಗ ಬರೀಲೇಬೇಕು. ನಮ್ಮಪ್ಪ 31 ವರ್ಷ ಬಡಿಗತನ ಮಾಡ್ಯಾನ, ಅವನ ಕೈಕೆಳಗ ನಾನು 6 ವರ್ಷ. ಈಗ ಬ್ಯಾಂಕಿನಾಗ ಇದ್ದೀನಿ, ಆದ್ರೂ ಐತವಾರ ಬಂದ್ರ ಕೈ ತುರಿಸ್ತದ.

ಮಿಸ್ತ್ರಿ ಓಡಿ ಹೋದ ಅಂತೀರಿ. 49 ಫೂಟಿಗೆ 450 ಅಂದ್ರ 22,050. ಡಬ್ಬಿ ನಿಂತದ, ಹಿಂದಿನ ಪ್ಲೈ ಹಚ್ಚ್ಯಾನ, ಎರಡು ಬಾಗಿಲ ಆಗ್ಯಾವ. ಮೂರರಾಗ ಎರಡು ಪಾಲು ಕೆಲಸ ಮುಗದದ. ಅದಕ್ಕ 14,700 ಆಯ್ತು, ನೀವು ಕೊಟ್ಟಿದ್ದು 15 ಸಾವಿರ. ಅಂವ ನಿಮ್ಮ ರೊಕ್ಕ ತಿಂದಿದ್ದು 300 ರೂಪಾಯಿ. ಕಾಣದ ಒಂದು ಶೀಟ್ ಬಗ್ಗೆನೂ ಒಂದು ಮಾತು ಕೇಳ್ತೀನಿ, ಖರೇ ಹೇಳ್ರಿ. ನಡುವ ಡಿಸೈನ್ ಬದಲಿ ಮಾಡಿದ್ರೇನು?

ಹೊಸಮನಿ_ಹಳೇಸಾಲ
ಮಾಡಿದ್ವಿ. ಮೊದಲ ಬರೇ ಹಲಗಿ ಇದ್ವು. ಆಮ್ಯಾಲ ಮನ್ಯಾಕಿ ಎರಡು ಡ್ರಾವರ್ ಬೇಕಂದ್ಲು. ಆಮ್ಯಾಲ ಒಂದು ಕನ್ನಡಿ.

ಮಿಸ್ತ್ರಿ_ಮಗ
ಅದಕ್ಕ ಬ್ಯಾರೆ ರೊಕ್ಕ ಮಾತಾಡಿದ್ರೇನು?

ಹೊಸಮನಿ_ಹಳೇಸಾಲ
ಇಲ್ಲ. ಅಂವೇ "ಮಾಡ್ತೀನಿ ಬಿಡ್ರಿ" ಅಂದ.

ಮಿಸ್ತ್ರಿ_ಮಗ
ಮಿಸ್ತ್ರಿ ಬಾಯಾಗ "ಮಾಡ್ತೀನಿ ಬಿಡ್ರಿ" ಬಂತಂದ್ರ "ನೀವಾಗೇ ಕೊಡ್ತೀರೇನು ನೋಡ್ತೀನಿ" ಅಂತ ಅರ್ಥ. ಎರಡು ಡ್ರಾವರ್ ಅಂದ್ರ ಒಂದು ದಿನದ ಮ್ಯಾಲ ಕೆಲಸ. ಡಬ್ಬಿ ಕಟ್ಟು, ಚಾನೆಲ್ ಕೂಡಿಸು, ಒಂದು ಎಂಎಂ ಹೆಚ್ಚು ಕಮ್ಮಿ ಆದ್ರ ಒಳಗ ಹೋಗಂಗಿಲ್ಲ. ಮುಂದಿನ ಅಳತಿ ಮ್ಯಾಲ ಫೂಟಿನ ರೇಟ್ ಮಾತಾಡಿದ್ರ ಒಳಗ ಎಷ್ಟು ಡ್ರಾವರ್ ತುಂಬಿದ್ರೂ ಫೂಟು ಅಷ್ಟೇ ಇರ್ತದ. ಆ ಕಾಣದ ಶೀಟ್ ಡ್ರಾವರಿಗಿ ಹೋಗ್ಯಾದ, ಅಂವನ ಮನಿಗಲ್ಲ.

ಜೇವರ್ಗಿ_ರೋಡ್
ಎಲ್ಲಾ ಸರಿ, ಫೋನ್ ಎತ್ತಲಿಕ್ಕೆ ಏನ್ ರೋಗ? ಎತ್ತಿ "ಡ್ರಾವರ್‌ದು ಬ್ಯಾರೆ ಕೊಡ್ರಿ" ಅಂದ್ರ ಯಾರು ಹೊಡಿತಾರ?

ಮಿಸ್ತ್ರಿ_ಮಗ
ಅದಕ್ಕ ನನ್ನ ಕಡಿ ಉತ್ತರ ಇಲ್ರಿ. ನಮ್ಮಪ್ಪನೂ ಎತ್ತತಿದ್ದಿಲ್ಲ.

ವಕೀಲರ_ಪಕ್ಕದ_ಮನೆ
ಗ್ರಾಹಕರ ಆಯೋಗಕ್ಕೆ ಹೋಗಬಹುದು. 2019ರ ಕಾಯ್ದೆಯ ಪ್ರಕಾರ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗದಲ್ಲಿ ಶುಲ್ಕವಿಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕು. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು. ಬರಹದಲ್ಲಿ ಏನಿದೆ ನಿಮ್ಮ ಹತ್ತಿರ?

ಹೊಸಮನಿ_ಹಳೇಸಾಲ
ಅಂವ ಕರೆಂಟ್ ಬಿಲ್ಲಿನ ಹಿಂದ ಪೆನ್ಸಿಲ್‌ಲೆ ತಗದ ಚಿತ್ರ ಅದ.

ವಕೀಲರ_ಪಕ್ಕದ_ಮನೆ
ಬಿಡಿ ಹಾಗಾದರೆ.

ನಿವೃತ್ತ_ಜೆಇ
ಎಲ್ಲರೂ ದುಡ್ಡಿನ ಬಗ್ಗೆ ಮಾತಾಡ್ತಿದ್ದೀರಿ, ಬಾಗಿಲು ಯಾಕೆ ಕೂಡಲ್ಲ ಅಂತ ಯಾರೂ ಕೇಳಲಿಲ್ಲ. ಸೇಡಂ ರೋಡಿನ ಲೇಔಟುಗಳು ಬಹಳಷ್ಟು ಎರೆ ಭೂಮಿ ಮೇಲಿವೆ. ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಒಂದೂವರೆ ವರ್ಷದ ಮನೆಯಲ್ಲಿ ನೆಲ ಸ್ವಲ್ಪ ಕೂತಿರಬಹುದು. ಡಬ್ಬಿ ವಾಲಿದರೆ ಬಾಗಿಲೂ ವಾಲುತ್ತದೆ. ಅಲಮಾರಿಯ ಮುಂದೆ ನೆಲದ ಮೇಲೆ ಒಂದು ಗೋಲಿ ಇಟ್ಟು ನೋಡಿ. ಉರುಳಿದರೆ ಗೌಂಡಿಗಳ ಹತ್ತಿರ ನೀರಿನ ಪೈಪು ಇರುತ್ತದಲ್ಲ, ಅದರಿಂದ ಎಷ್ಟು ಇಳಿಜಾರಿದೆ ಅಂತ ಅಳೆಯಿರಿ. ಐವತ್ತು ರೂಪಾಯಿಯ ಪೈಪು, ಯಾವ ಲೇಸರಿಗೂ ಕಮ್ಮಿಯಿಲ್ಲ.

ಬೀದರ್_ಕೋಟಿ
ಅದಕ್ಕೂ ಮೊದಲ ಪ್ಲೈ ಯಾವ್ದು ತಂದೀರಿ ಹೇಳ್ರಿ. ಎಂಆರ್ (ಬರೇ ಹಸಿ ತಡಿಯೋ ಪ್ಲೈ) ಇದ್ರ ಈಗಲೇ ಕಿತ್ತಿ ಒಗೀರಿ. ಐಎಸ್ 710 ನಂಬರಿನ ಪ್ಲೈ ಬಿಟ್ಟು ಬ್ಯಾರೆ ಮುಟ್ಟಬಾರದು.

ಸುಪರ್‌ಮಾರ್ಕೆಟ್_ಲೆಕ್ಕ
ಬೆಡ್‌ರೂಮಿನ ಅಲಮಾರಿಗಿ 710 ಯಾಕ ಬೇಕ್ರಿ? ಅದು ಮರೀನ್ ಗ್ರೇಡ್, 72 ತಾಸು ಕುದಿಯೋ ನೀರಿನಾಗ ಹಾಕಿ ಟೆಸ್ಟ್ ಮಾಡ್ತಾರ. ಸೀರಿ ಇಡೋ ಜಾಗದಾಗ ನೀರು ಕುದಿಸ್ತೀರೇನು? ಬಚ್ಚಲ ಗ್ವಾಡಿಗಿ ಹತ್ತಿದ್ರ, ಅಡಗಿ ಮನಿ ಸಿಂಕಿನ ಕೆಳಗ ಆದ್ರ ಹೌದು. ಬಾಕಿ ಕಡಿ ಬಿಡಬ್ಲ್ಯೂಆರ್ (710ಕ್ಕಿಂತ ಒಂದು ಮೆಟ್ಟಲ ಕೆಳಗಿನ ಪ್ಲೈ) ಸಾಕು. 710 ಅಂತ ಠಸ್ಸೆ ಹೊಡದಿದ್ದೆಲ್ಲಾ 710 ಅಲ್ಲ. ಐಎಸ್ಐ ಗುರುತಿನ ಕೆಳಗ ಸಿಎಂ/ಎಲ್ (ಲೈಸೆನ್ಸ್) ನಂಬರ್ ಇರ್ತದ, ಸರ್ಕಾರದ ಬಿಐಎಸ್ ಕೇರ್ ಆಪ್‌ದಾಗ ಹಾಕಿದ್ರ ಕಂಪನಿ ಹೆಸರು ಬರ್ತದ. ಬರಲಿಲ್ಲಂದ್ರ ಅಂಗಡ್ಯಾಗೇ ಬಿಟ್ಟು ಬರ್ರಿ.

ಸೇಡಂ_ಅಕ್ಕ
ನಮ್ಮ ಮನಿಯವರು ಒಂದು ತುಂಡು ಪ್ಲೈ ಕುಕ್ಕರ್‌ದಾಗ ಹಾಕಿ ಐದು ಸೀಟಿ ಹೊಡಿಸ್ಯಾರ. ಪ್ಲೈ ಪಾಸಾಯ್ತು. ಕುಕ್ಕರಿನ ಬ್ಯಾಳಿ ಇವತ್ತಿಗೂ ಫೆವಿಕಾಲ್ ವಾಸನಿ ಹೊಡಿತದ.

ಶಾಬಾದಿ_ಪರಸಿ
ಒರಲಿ ಬಗ್ಗೆ ಯಾರೂ ಮಾತಾಡವಲ್ರಿ. ನಮ್ಮ ಪಕ್ಕದವರ ಹೊಸ ಅಲಮಾರಿ ಕೆಳಗ ದಿನಾ ಬೆಳಿಗ್ಗಿ ಜ್ವಾಳದ ಹಿಟ್ಟಿನಂಗ ಪುಡಿ ಬೀಳ್ತದ. ಪೂರಾ ಒರಲಿ ಹಿಡದದ.

ಮಿಸ್ತ್ರಿ_ಮಗ
ಅದು ಒರಲಿ ಅಲ್ರಿ ಕಾಕಾ. ಒರಲಿ ಮಣ್ಣಿನ ಗೆರಿ ಕಟ್ಟಿಕೊಂತ ನೆಲದಿಂದ ಮ್ಯಾಲ ಬರ್ತದ. ಸಣ್ಣ ತೂತು ಬಿದ್ದು ಹಿಟ್ಟಿನಂಥ ಪುಡಿ ಉದುರಿದ್ರ ಅದು ಕಟ್ಟಿಗಿ ಕೊರಿಯೋ ಹುಳ, ಮಾಲಿನ ಕೂಡನೇ ಮನಿಗಿ ಬಂದಿರ್ತದ. ಎರಡಕ್ಕೂ ಔಷಧ ಹಾಕೋ ಜಾಗ ಬ್ಯಾರೆ. ಒಂದಕ್ಕ ನೆಲದಾಗ ಗ್ವಾಡಿ ಗುಂಟ, ಇನ್ನೊಂದಕ್ಕ ತೂತಿನಾಗೇ ಸೂಜಿಲೆ.

ಹೊಸಮನಿ_ಹಳೇಸಾಲ
ಜೆಇ ಸರ್ ಹೇಳಿದಂಗ ಇವತ್ತು ಮಾಡಿ ನೋಡಿದೆ. ಮನ್ಯಾಗ ಗೋಲಿ ಇಲ್ಲ. ಫ್ರಿಜ್‌ದಾಗಿನ ನಿಂಬಿಹಣ್ಣು ತಗದು ಅಲಮಾರಿ ಮುಂದ ಇಟ್ಟೆ. ಮೆಲ್ಲಕ ಕಿಡಕಿ ಕಡಿ ಉರುಳಿ ಮಂಚದ ಕೆಳಗ ಹೋಯ್ತು. ಬಗ್ಗಿ ತಗದು ಇನ್ನೊಮ್ಮೆ ಇಟ್ಟೆ, ಇನ್ನೊಮ್ಮೆ ಅದೇ ಕಡಿ. ತಲಿ ಎತ್ತಿ ನೋಡಿದ್ರ ನಮ್ಮವ್ವ ಬಾಗಿಲದಾಗ ನಿಂತಾಳ. "ಯಾರ ಮ್ಯಾಲ ಮಾಡಸ್ಲಕತ್ತಿಯೋ ಇದನ್ನ?" ಅಂದ್ಳು. ಅಕಿಗೆ ಎರೆ ಭೂಮಿ, ಲೆವಲ್ಲು ಅಂತ ತಿಳಿಸಿ ಹೇಳ್ಲಿಕ್ಕೆ ಅರ್ಧ ತಾಸು ಹಿಡೀತು, ಅಕಿ ಪೂರಾ ನಂಬಿಲ್ಲ.

ಆಮ್ಯಾಲ ಪೈಪ್ ತಂದು ಅಳದೆ. 7 ಫೂಟಿಗೆ 6 ಎಂಎಂ ಇಳಿಜಾರ.

ನಿವೃತ್ತ_ಜೆಇ
7 ಅಡಿಗೆ 6 ಎಂಎಂ ದೊಡ್ಡದೇನಲ್ಲ. ಕೆಳಗೆ ಚಿಪ್ಪಿ (ತೆಳು ಮರದ ತುಂಡು) ಕೊಟ್ಟು ಎತ್ತಿದರೆ ಮುಗೀತು. ಆದರೆ ಇಷ್ಟಕ್ಕೇ ಮೇಲಿನ ಮೂಲೆ ಅರ್ಧ ಇಂಚು ಹೊರಗೆ ನಿಲ್ಲುವುದಿಲ್ಲ. ನನ್ನ ಊಹೆ ತಪ್ಪಾಯಿತು.

ಬಿಸಿಲೂರ_ಹುಡುಗ
ನಿವೃತ್ತ ಇಂಜಿನಿಯರ್ ತಪ್ಪಾಯ್ತು ಅಂದದ್ದು ಇದೇ ಮೊದಲು. ಸ್ಕ್ರೀನ್‌ಶಾಟ್ ತಗೊಂಡೀನಿ.

ಮಿಸ್ತ್ರಿ_ಮಗ
ಆ ಕೂಡದ ಬಾಗಿಲದ ಒಳಗಡಿ ಮೈಕಾ (ಪ್ಲೈ ಮ್ಯಾಲ ಅಂಟಿಸೋ ತೆಳು ಹಾಳಿ) ಹಚ್ಚ್ಯಾನೇನು? ಅಥವಾ ಬರೇ ಪ್ಲೈ ಅದ?

ಹೊಸಮನಿ_ಹಳೇಸಾಲ
ಬರೇ ಪ್ಲೈ. "ಒಳಗ ಯಾರು ನೋಡ್ತಾರ್ರಿ, ಮೈಕಾ ಉಳೀತದ" ಅಂದ. ನಾನೂ ಹೂಂ ಅಂದೆ.

ಮಿಸ್ತ್ರಿ_ಮಗ
ಸಿಕ್ತು. ಮ್ಯಾಲಿಂದ ಕೆಳಗ ತನಕ ಬಾಗಿಲಕ್ಕ ದಾರ ಬಿಗಿ ಹಿಡದು ನೋಡ್ರಿ, ನಡುವ ಎಷ್ಟು ಸಂದು ಬಿಡ್ತದ. ಮತ್ತ ಆ ಬಾಗಿಲಕ್ಕ ಮೈಕಾ ಹಚ್ಚಿ ಎಲ್ಲಿ ಒಣಗಿಸಿದ್ದ?

ಹೊಸಮನಿ_ಹಳೇಸಾಲ
ದಾರ ಹಿಡದೆ. ನಡುವ 9 ಎಂಎಂ. ಒಣಗ್ಲಿ ಅಂತ ಎರಡು ದಿನ ಮಾಳಗಿ ಮ್ಯಾಲ ಗ್ವಾಡಿಗಿ ಆನಿಸಿ ನಿಂದರ್ಸಿದ್ದ.

ಮಿಸ್ತ್ರಿ_ಮಗ
ಕಲಬುರಗಿ ಮಾಳಗಿ ಮ್ಯಾಲ, ಮಾರ್ಚಿನಾಗ, ನಿಂದರ್ಸಿ! ಹಪ್ಪಳ ಆಗದೇ ಇನ್ನೇನಾಗ್ತದ.

ನೋಡ್ರಿ, ಪ್ಲೈ ಒಂದೇ ಕಡಿ ಮೈಕಾ ಹಚ್ಚಿದ್ರ ಹಚ್ಚಿದ ಬಾಜೂ ಗಾಳಿ, ಹಸಿ ಒಳಗ ಬಿಡಂಗಿಲ್ಲ. ಬಿಟ್ಟ ಬಾಜೂ ಒಣಗತದ, ಹಸಿ ಹೀರ್ತದ, ಹಿಗ್ಗತದ, ಕುಗ್ಗತದ. ಎರಡೂ ಬಾಜೂ ಒಂದೇ ಸಮ ಎಳೀದೇ ಇದ್ರ ಹಲಗಿ ಬಾಗಲೇಬೇಕು. ಅದಕ್ಕೇ ಹೊರಗ 1 ಎಂಎಂ ಮೈಕಾ ಹಚ್ಚಿದ್ರ ಒಳಗ ಅಗ್ಗದ್ದರ ಒಂದು 0.8 ಹಚ್ಚಬೇಕು. ಚಂದಕ್ಕ ಅಲ್ಲ, ಎರಡೂ ಬಾಜೂ ಸಮತೂಕಕ್ಕ. ಒಣಗಿಸೋದು ನೆರಳಿನಾಗ, ನೆಲದ ಮ್ಯಾಲ ಮಲಗಿಸಿ, ಮ್ಯಾಲ ಭಾರ ಇಟ್ಟು.

ಇನ್ನೊಂದು. 7 ಫೂಟಿನ ಬಾಗಿಲಕ್ಕ ಹಿಂಜಸ್ (ಬಾಗಿಲ ತಿರುಗೋ ಕೀಲು) ಎಷ್ಟು ಹಚ್ಚ್ಯಾನ? ಮೂರಿದ್ರ ಕಮ್ಮಿ ಆತು, ನಾಕು ಬೇಕೇ ಬೇಕು. ಮತ್ತ ನಿಮ್ಮ ಅಡ್ಡ ಹಲಗಿ 42 ಇಂಚು ಅದ. ಕಾಟನ್ ಸೀರಿ ಇಟ್ರ ನಡೀತದ, ರೇಷ್ಮಿ ಸೀರಿ, ಚಾದರ ಒಟ್ಟಿದ್ರ ವರ್ಷದಾಗ ಜೋತು ಬೀಳ್ತದ. ನಡುವ ಒಂದು ಸಣ್ಣ ನಿಲುವು ಕೊಡ್ಸ್ರಿ.

ಜೇವರ್ಗಿ_ರೋಡ್
ಹಂಗಾದ್ರ ತಪ್ಪು ಮಿಸ್ತ್ರಿದೇ ಆಯ್ತಲ್ಲ. ಇಷ್ಟೊತ್ತನ ಅಂವನ ಪರ ವಕೀಲಿಕಿ ಮಾಡಿದ್ರಿ.

ಮಿಸ್ತ್ರಿ_ಮಗ
ಬಾಗಿಲ ಅಂವನ ತಪ್ಪು. ಡ್ರಾವರ್ ಇವರ ತಪ್ಪು. ಎರಡೂ ಹೇಳೀನಿ.

ಮೈಸೂರಿಂದ_ಬಂದವ
ಇನ್ನೊಂದು ಬಾಗಿಲು ನೆಟ್ಟಗಿದೆಯಲ್ಲ, ಅದು ಹೇಗೆ? ಅದೂ ಅದೇ ಮಾಳಿಗೆ ಮೇಲೆ ಇತ್ತಲ್ಲವೇ?

ಹೊಸಮನಿ_ಹಳೇಸಾಲ
ಅದು ಕನ್ನಡಿ ಬಾಗಿಲ ಸರ್. ಆಮ್ಯಾಲ ಮಾಡಿದ್ದು, ಮನ್ಯಾಗೇ ನೆಲದ ಮ್ಯಾಲ ಇಟ್ಟಿದ್ದ.

ಹೊಸಮನಿ_ಹಳೇಸಾಲ
ಅಪ್‌ಡೇಟ್. ಐದಾರು ದಿನದ ಹಿಂದ ರಾತ್ರಿ ಮಿಸ್ತ್ರಿಗೆ ವಾಟ್ಸಾಪ್‌ದಾಗ ವಾಯ್ಸ್ ಕಳಿಸಿದೆ: "ಅಣ್ಣಾ, ಡ್ರಾವರ್, ಕನ್ನಡಿ ಸೇರಿ ಬ್ಯಾರೆ 3 ಸಾವಿರ ಕೊಡ್ತೀನಿ, ಒಂದು ಬಾಗಿಲ ಸೊಟ್ಟ ಆಗ್ಯಾದ, ಅದು ನಿಂದು." ಐದು ನಿಮಿಷಕ್ಕ ನೀಲಿ ಗೆರಿ ಬಿತ್ತು. ಮರುದಿನ ಎಂಟಕ್ಕ ಗೇಟಿನಾಗ ನಿಂತಿದ್ದ, ಹತ್ಯಾರದ ಡಬ್ಬಿ, ರಂದಾ, ತಮ್ಮನ್ನ ಕರ್ಕೊಂಡು. ಬಂದಾಂವ ಮೊದಲ ಬಾಗಿಲ ನೋಡ್ಲಿಲ್ಲ, ಗ್ವಾಡಿ ನೋಡಿ "ಗೌಂಡಿ ಗ್ವಾಡಿ ಸೊಟ್ಟ ಕಟ್ಟ್ಯಾನ್ರಿ" ಅಂದ. ನಾನು ಮಾತಾಡದೇ ದಾರ ಹಿಡದು ತೋರ್ಸಿದೆ. ದಾರ ನೋಡಿ, ನನ್ನ ಮುಖ ನೋಡಿ, "ಯಾರ್ರಿ ನಿಮಗ ಇದನ್ನ ಹೇಳಿದ್ದು?" ಅಂದ.

ಆ ಬಾಗಿಲ ಬಿಚ್ಚಿ ಒಳಗಡಿ ಮೈಕಾ ಹಚ್ಚಿ ಎರಡು ಸಿಮೆಂಟ್ ಚೀಲ ಹೇರಿ ಮೂರು ದಿನ ಮಲಗಿಸ್ಯಾನ. 9 ಎಂಎಂ ಇದ್ದದ್ದು 3 ಆಗ್ಯಾದ. ಪೂರಾ ಹೋಗ್ಲಿಲ್ಲ. "ಇನ್ನಾ ಬೇಕಂದ್ರ ಹೊಸ ಬಾಗಿಲ ಮಾಡ್ತೀನಿ, ಶೀಟ್ ಅದ ಅಲ್ಲ" ಅಂದ. ಅದರ ಲೇಬರ್ ಕೇಳಲಿಲ್ಲ. ಹೂಂ ಅಂದೀನಿ. ನಾಕನೇ ಹಿಂಜಸ್ ಹಚ್ಚ್ಯಾನ, ಕೆಳಗ ಚಿಪ್ಪಿ ಕೊಟ್ಟಾನ, ಗ್ವಾಡಿಗಿ ಮೂರು ಎಲ್ ಕ್ಲ್ಯಾಂಪ್ ಹಾಕ್ಯಾನ.

ಮಿಸ್ತ್ರಿ_ಮಗ
ಹಿಂಜಸ್‌ನಾಗ ಬಾಗಿಲ ಕಡಿ ಇರೋ ಸ್ಕ್ರೂ ತಿರುವಿದ್ರ ಬಾಗಿಲ ಎಡಕ್ಕ ಬಲಕ್ಕ ಸರೀತದ, ಹಿಂದಿನ ಸ್ಕ್ರೂ ಒಳಗ ಹೊರಗ. ಅಂವ ಇದ್ದಾಗಲೇ ಕಲ್ತುಕೊಳ್ರಿ. ಮಳಿಗಾಲದಾಗ ನೆಲ ಉಬ್ಬಿದ್ರ ಒಂದು ಸ್ಕ್ರೂಡ್ರೈವರ್ ಸಾಕು, ಫೋನ್ ಹಚ್ಚೋದು ತಪ್ಪತದ.

ಬಿಸಿಲೂರ_ಹುಡುಗ
ಅಣ್ಣಾ ನಂದೊಂದು ಟಿವಿ ಯುನಿಟ್ ಅದ, ಎಳ್ಳ ಅಮಾಸಿಗಿ ಹೋದಾಂವಂದೇ, ಫೋಟೋ ಹಾಕ್ಲೇನು?

ಮಿಸ್ತ್ರಿ_ಮಗ
ಹಾಕು. ಮೊದಲ ಡಿಸೈನ್ ಎಷ್ಟು ಸಲ ಬದಲಿ ಮಾಡಿದಿ ಬರಿ.

ಸೇಡಂ_ಅಕ್ಕ
ಅದಿರ್ಲಿ, ಮಂಚದ ಕೆಳಗ ಹೋದ ನಿಂಬಿಹಣ್ಣು ಏನಾಯ್ತು?

ಹೊಸಮನಿ_ಹಳೇಸಾಲ
ಅವ್ವ ಮನ್ಯಾಗ ಇಟ್ಟುಕೊಳ್ಳಿಲ್ಲ ಅಕ್ಕಾ. ಮೂರು ದಾರಿ ಕೂಡೋ ಕಡಿ ಒಗದು, ಕಾಲು ತೊಳಕೊಂಡು ಒಳಗ ಬಂದಾಳ. ಸಂಡಿಗಿ ಡಬ್ಬಿ ಅಲಮಾರ್ಯಾಗೇ ಅದ.